ಐವತ್ತಾರನೇ ದಿನದ ತೂಕ

ಎರಡೂ ಬಿಳಿ ಕೋಳಿಗಳು. ಎರಡಕ್ಕೂ ಹಳದಿ ಕಾಲು, ಕೆಂಪು ಜುಟ್ಟು. ಒಂದೇ ದಿನ ಮೊಟ್ಟೆಯೊಡೆದು ಹೊರಬಂದವು, ಒಂದೇ ಬಗೆಯ ಆಹಾರ ತಿಂದವು, ಒಂದೇ ಬೆಳಕು, ಒಂದೇ ಕಾವಿನಲ್ಲಿ ಎಂಟು ವಾರ ಬೆಳೆದವು. ಐವತ್ತಾರನೇ ದಿನ ತಕ್ಕಡಿಗೆ ಹಾಕಿದರೆ ಒಂದು ಕೋಳಿ ಕಿಲೋ ದಾಟಿ ಒಂದೂವರೆ ಕಿಲೋ ಹತ್ತಿರ ಹೋಗುತ್ತದೆ. ಇನ್ನೊಂದು ಇನ್ನೂರು ಗ್ರಾಂ ಕೂಡ ಮುಟ್ಟುವುದಿಲ್ಲ! ಮೊದಲನೆಯದನ್ನು ಎತ್ತಲು ಎರಡು ಕೈ ಬೇಕು. ಎರಡನೆಯದು ಅಂಗೈ ಮೇಲೆ ಕೂತು ಪಿಳಿಪಿಳಿ ನೋಡುತ್ತದೆ. ಅದಕ್ಕೆ ರೋಗವಿಲ್ಲ, ಯಾರೂ ಉಪವಾಸ ಕೆಡವಿಲ್ಲ, ಬೇರೆ ದೇಶದಿಂದ ತಂದ ಕುಳ್ಳ ತಳಿಯೂ ಅದಲ್ಲ. ಇವೆರಡೂ ದಾಯಾದಿಗಳು. ನಲವತ್ತು ತಲೆಮಾರು ಹಿಂದಕ್ಕೆ ಹೋದರೆ ಎರಡರ ಪೂರ್ವಜರೂ ಒಂದೇ ಹಿಂಡಿನಲ್ಲಿ ಕಾಳು ಹೆಕ್ಕುತ್ತಿದ್ದವು.

ಹಾಗಾದರೆ ಆ ಒಂದೇ ಹಿಂಡಿನೊಳಗೆ ಈ ದೈತ್ಯ, ಈ ಕುಬ್ಜ ಇಬ್ಬರೂ ಎಲ್ಲಿ ಅಡಗಿದ್ದರು? ಜೀವವಿಜ್ಞಾನದಲ್ಲಿ ಇದಕ್ಕಿಂತ ರೋಮಾಂಚಕವಾದ ಪ್ರಶ್ನೆಗಳು ಕಡಿಮೆ. ಇದರ ಉತ್ತರ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಒಂದೆರಡು ಜೀನ್‌ಗಳಲ್ಲ. ಜೀನ್‌ಗಳು ಒಂದನ್ನೊಂದು ಕಾದು ಕೂರುತ್ತವೆ ಎಂಬ ಸಂಗತಿ.

ಮೊದಲು ಕೋಳಿಗಳ ಊರಿಗೆ ಹೋಗೋಣ. ಅಮೆರಿಕದ ವರ್ಜೀನಿಯಾ ರಾಜ್ಯದ ಬ್ಲ್ಯಾಕ್ಸ್‌ಬರ್ಗ್‌ನಲ್ಲಿರುವ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯಕ್ಕೆ 1957ರಲ್ಲಿ ಪಾಲ್ ಸೀಗಲ್ ಎಂಬ ತರುಣ ವಿಜ್ಞಾನಿ ಬಂದರು. ವೈಟ್ ಪ್ಲಿಮತ್ ರಾಕ್ ಎಂಬ ಬಿಳಿ ತಳಿಯ ಏಳು ಕವಲುಗಳನ್ನು ಒಂದಕ್ಕೊಂದು ಕೂಡಿಸಿ ಒಂದು ಹಿಂಡು ಕಟ್ಟಿದರು. ಆ ಏಳೂ ಕವಲುಗಳು ಅದಾಗಲೇ ಸಾಕಷ್ಟು ಒಳಸಂಬಂಧದಲ್ಲಿ ಬೆಳೆದಿದ್ದವು, ಅಂದರೆ ವೈವಿಧ್ಯ ಕಳೆದುಕೊಂಡ ಕೋಳಿಗಳು. ಆ ಹಿಂಡಿನಿಂದ ಎರಡು ವಂಶ ಹೊರಟವು. ನಿಯಮ ಎಂಥವರಿಗೂ ಅರ್ಥವಾಗುವಂಥದ್ದು: ಐವತ್ತಾರನೇ ದಿನ ಎಲ್ಲ ಕೋಳಿಗಳ ತೂಕ ನೋಡು. ಒಂದು ವಂಶದಲ್ಲಿ ಹೆಚ್ಚು ತೂಗಿದವನ್ನು ಮುಂದಿನ ತಲೆಮಾರಿನ ತಂದೆತಾಯಿಗಳಾಗಿ ಉಳಿಸು. ಇನ್ನೊಂದರಲ್ಲಿ ಕಡಿಮೆ ತೂಗಿದವನ್ನು ಉಳಿಸು. ವರ್ಷಕ್ಕೆ ಒಂದೇ ತಲೆಮಾರು. ಬೇರೆ ಯಾವ ಗುಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಹೊರಗಿನಿಂದ ಒಂದೇ ಒಂದು ಕೋಳಿಯನ್ನೂ ಒಳಗೆ ಬಿಡಬೇಡ.

ಅಷ್ಟೇ. ಈ ಅಷ್ಟನ್ನೇ ಅವರು ಅರ್ಧ ಶತಮಾನ ದಾಟಿಯೂ ಮಾಡಿಸಿದರು. ಸಂಶೋಧನೆಯ ಅನುದಾನಗಳು ಮೂರು ವರ್ಷ, ಐದು ವರ್ಷದ ಲೆಕ್ಕದಲ್ಲಿ ಬಂದುಹೋಗುವ ಈ ಲೋಕದಲ್ಲಿ ಒಬ್ಬ ಮನುಷ್ಯ ತನ್ನ ವೃತ್ತಿಜೀವನವನ್ನೆಲ್ಲ ಒಂದೇ ತಕ್ಕಡಿಯ ಮುಂದೆ ನಿಂತು ಕಳೆದದ್ದೇ ನನಗೆ ದೊಡ್ಡ ಸಂಗತಿ. ಆ ತಾಳ್ಮೆ ಇಲ್ಲದಿದ್ದರೆ ಮುಂದಿನದ್ಯಾವುದೂ ನಮಗೆ ತಿಳಿಯುತ್ತಿರಲಿಲ್ಲ.

ಪುಸ್ತಕದ ಲೆಕ್ಕ ಏನು ಹೇಳುತ್ತಿತ್ತು? ಚಿಕ್ಕ ಹಿಂಡು, ಸೀಮಿತ ಬಂಡವಾಳ. ಪ್ರತಿ ತಲೆಮಾರಿನಲ್ಲೂ ಆರಿಸುತ್ತಾ ಹೋದರೆ ಒಳ್ಳೆಯ ಜೀನ್‌ಗಳೆಲ್ಲ ಬೇಗ ಒಂದೆಡೆ ಸೇರಿಬಿಡುತ್ತವೆ. ಆಮೇಲೆ ಆರಿಸಲು ಏನೂ ಉಳಿಯುವುದಿಲ್ಲ. ತೂಕ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆದರೆ ಭಾರದ ವಂಶ ನಿಲ್ಲಲಿಲ್ಲ! ಹತ್ತು ತಲೆಮಾರಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು. ತಕ್ಕಡಿಯ ಮುಳ್ಳು ಸರಿಯುತ್ತಲೇ ಹೋಯಿತು. ನಲವತ್ತರ ಹೊತ್ತಿಗೆ ಎರಡು ವಂಶಗಳ ನಡುವೆ ಎಂಟು ಪಟ್ಟಿನ ಅಂತರ. ಐವತ್ತು ದಾಟಿದಾಗ ಹತ್ತು ಪಟ್ಟಿಗೂ ಹೆಚ್ಚು. ಹಗುರ ವಂಶದ ಇಳಿತ ಮಾತ್ರ ನಿಧಾನವಾಯಿತು. ಅದಕ್ಕೆ ಕಾರಣ ವೈವಿಧ್ಯ ಬರಿದಾದದ್ದಲ್ಲ, ಇನ್ನೂ ಸಣ್ಣದಾದರೆ ಕೋಳಿ ಮೊಟ್ಟೆಯಿಡುವ ಪ್ರಾಯಕ್ಕೇ ಬರುವುದಿಲ್ಲ ಎಂಬ ದೇಹದ ಗಡಿ.

ಹತ್ತಿರ ಹೋಗಿ ನೋಡಿದರೆ ಇನ್ನೂ ಬೆರಗು. ಸೀಗಲ್ ಆರಿಸಿದ್ದು ತೂಕವನ್ನು, ಬದಲಾದದ್ದು ಹಸಿವು. ಭಾರದ ವಂಶದ ಮರಿ ಕಣ್ಣು ಬಿಟ್ಟಾಗಿನಿಂದ ತಿನ್ನುತ್ತಲೇ ಇರುತ್ತದೆ, ಸಾಕು ಎನ್ನುವುದೇ ಅದಕ್ಕೆ ಗೊತ್ತಿಲ್ಲ. ಹಗುರ ವಂಶದ ಕೆಲವು ಮರಿಗಳು ಮುಂದೆ ಆಹಾರ ರಾಶಿ ಬಿದ್ದಿದ್ದರೂ ಕೊಕ್ಕು ಹಾಕುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆ ಕರಗುವವರೆಗೆ ಬದುಕಿ, ಒಂದು ಕಾಳೂ ತಿನ್ನದೆ ಸಾಯುತ್ತವೆ. ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗವಿದೆ. ಅದರ ಒಂದು ಮೂಲೆಯ ಕೆಲಸ ಹೊಟ್ಟೆ ತುಂಬಿತು ಎಂದು ಹೇಳುವುದು. ಆ ಮೂಲೆಗೆ ಪೆಟ್ಟು ಕೊಟ್ಟರೆ ಹಗುರ ವಂಶದ ಕೋಳಿ ಹೆಚ್ಚು ತಿನ್ನತೊಡಗುತ್ತದೆ. ಭಾರದ ವಂಶದ ಕೋಳಿಯಲ್ಲಿ ಅದೇ ಪೆಟ್ಟು ಕೊಟ್ಟಾಗ ಏನೂ ವ್ಯತ್ಯಾಸವಾಗಲಿಲ್ಲ. ಯಾಕೆಂದರೆ ಅಲ್ಲಿ ಬೇಡ ಎನ್ನುವ ದನಿ ಮೊದಲೇ ಅಡಗಿಹೋಗಿತ್ತು. ತಕ್ಕಡಿ ಹಿಡಿದು ನಿಂತ ಮನುಷ್ಯ ತನಗೇ ತಿಳಿಯದೆ ಕೋಳಿಯ ತಲೆಯೊಳಗಿನ ತೃಪ್ತಿಯನ್ನು ಆರಿಸಿ ಹೊರಗಿಟ್ಟಿದ್ದ!

ಪ್ರಯೋಗಶಾಲೆಯ ಹೊರಗೆ ಇದೇ ನಾಟಕ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೆ ಅಮೆರಿಕದಲ್ಲಿ 'ನಾಳೆಯ ಕೋಳಿ' ಎಂಬ ಸ್ಪರ್ಧೆ ನಡೆಯಿತು. 1948ರ ಅಂತಿಮ ಸುತ್ತಿಗೆ ದೇಶದ ಮೂಲೆಮೂಲೆಯ ಸಾಕಣೆದಾರರು ಕೋಳಿಗಳ ಬದಲು ಮೊಟ್ಟೆಗಳನ್ನು ಕಳಿಸಿದರು. ಎಲ್ಲ ಮೊಟ್ಟೆಗೂ ಒಂದೇ ಕಡೆ ಕಾವು, ಎಲ್ಲ ಮರಿಗೂ ಒಂದೇ ಆಹಾರ, ಆಮೇಲೆ ತೂಕ. ಗೆದ್ದದ್ದು ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್ ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿಗಳನ್ನು ಬೆರೆಸಿ ಮಾಡಿದ ಕೋಳಿ. ಈ ಕಾರ್ನಿಷ್ ಯಾರು ಅಂದುಕೊಂಡಿರಿ? ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಬೆಳೆಸಿದ ಈ ತಳಿಯ ಮೈಯಲ್ಲಿ ನಮ್ಮ ಅಸೀಲ್ ಹುಂಜದ ರಕ್ತವಿದೆ. ಅಗಲ ಎದೆ, ದಪ್ಪ ತೊಡೆಯ ಅದೇ ಜಗಳಗಂಟ ಅಸೀಲ್. ಕೋಳಿ ಅಂಕದಲ್ಲಿ ಎದುರಾಳಿಯನ್ನು ಕೆಡವಲು ಶತಮಾನಗಳ ಕಾಲ ಆರಿಸಿದ ಎದೆಯ ಸ್ನಾಯು ಇಂದು ಜಗತ್ತಿನ ಬ್ರಾಯ್ಲರ್ ಕೋಳಿಗಳ ತಂದೆಯ ಕಡೆಯಿಂದ ಹರಿದುಬರುತ್ತಿದೆ. ತಾಯಿಯ ಕಡೆ ಸೀಗಲ್ ಅವರ ಹಿಂಡಿನ ಅದೇ ವೈಟ್ ಪ್ಲಿಮತ್ ರಾಕ್.

ಇದೆಲ್ಲ ಆಹಾರದ, ಔಷಧದ ಮಹಿಮೆಯಲ್ಲವೇ ಎಂದು ಕೇಳುವವರಿದ್ದಾರೆ. ಫಾರಂ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆ ಎಂಬ ಮಾತು ಚಿಕನ್ ಅಂಗಡಿ ಮುಂದೆ ನಿಂತವರ ಬಾಯಲ್ಲಿ ಇಂದಿಗೂ ಕೇಳಿಬರುತ್ತದೆ. ಇದಕ್ಕೆ ಉತ್ತರ ಕೊಡಲು ಒಂದು ಸೊಗಸಾದ ದಾರಿಯಿತ್ತು. 1957ರ ಕಾಲದ ಕೋಳಿಗಳ ಒಂದು ಹಿಂಡನ್ನು ಯಾವ ಆಯ್ಕೆಯನ್ನೂ ಮಾಡದೆ, ಇದ್ದಂತೆಯೇ ತಲೆಮಾರುಗಟ್ಟಲೆ ಉಳಿಸಿಕೊಂಡು ಬಂದಿದ್ದರು. ಅಮೆರಿಕದ ಜೆರಾಲ್ಡ್ ಹ್ಯಾವೆನ್‌ಸ್ಟೀನ್ ಮತ್ತು ಸಂಗಡಿಗರು ಆ ಹಳೆಯ ಕೋಳಿಯನ್ನೂ 2001ರ ಬ್ರಾಯ್ಲರನ್ನೂ ಅಕ್ಕಪಕ್ಕ ಬೆಳೆಸಿದರು. ಎರಡಕ್ಕೂ 1957ರ ಬಗೆಯ ಆಹಾರವನ್ನೂ 2001ರ ಬಗೆಯ ಆಹಾರವನ್ನೂ ಬೇರೆಬೇರೆಯಾಗಿ ಹಾಕಿ ನೋಡಿದರು. ನಲವತ್ತೆರಡನೇ ದಿನ ಹಳೆಯ ಕೋಳಿ ಹಳೆಯ ಆಹಾರದಲ್ಲಿ 539 ಗ್ರಾಂ. ಹೊಸ ಕೋಳಿ ಹೊಸ ಆಹಾರದಲ್ಲಿ 2,672 ಗ್ರಾಂ. ಹಳೆಯ ಕೋಳಿಗೆ ಹೊಸ ಆಹಾರ ಹಾಕಿದರೆ? ಆರು ನೂರು ಗ್ರಾಂ ಕೂಡ ದಾಟಲಿಲ್ಲ! ಹೊಸ ಕೋಳಿಗೆ ಹಳೆಯ ಆಹಾರ ಹಾಕಿದರೂ ಅದು ಎರಡು ಕಿಲೋ ಮೀರಿ ಬೆಳೆಯಿತು. ಬೆಳವಣಿಗೆಯಲ್ಲಿ ಆದ ಬದಲಾವಣೆಯ ಶೇ. 85ರಿಂದ 90ರಷ್ಟು ತಳಿಯಿಂದಲೇ ಬಂದದ್ದು ಎಂದು ಅವರು ಲೆಕ್ಕ ಹಾಕಿದರು. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು ಮುಂದೆ 1957, 1978, 2005ರ ಕೋಳಿಗಳನ್ನು ಒಂದೇ ಆಹಾರದಲ್ಲಿ ಬೆಳೆಸಿದಾಗ ಐವತ್ತಾರನೇ ದಿನ ಅವು ಕ್ರಮವಾಗಿ 905, 1,808 ಮತ್ತು 4,202 ಗ್ರಾಂ ತೂಗಿದವು. ಸೂಜಿ ಚುಚ್ಚಿ ಇದನ್ನು ಮಾಡಲಾಗದು. ಆರಿಸಿ, ಕೂಡಿಸಿ, ಮತ್ತೆ ಆರಿಸಿ ಮಾಡಿದ್ದು ಇದು.

ಆರಿಸಿದ್ದು ಏನನ್ನು ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಅದನ್ನು ನೋಡುವ ಕಣ್ಣು ಬಂದದ್ದು ಈ ಶತಮಾನದಲ್ಲಿ. 2004ರಲ್ಲಿ ಕೆಂಪು ಕಾಡುಕೋಳಿಯ ಹೇಂಟೆಯೊಂದರ ಜೀನೋಮ್‌ನ ಕರಡು ಪ್ರಕಟವಾಯಿತು. ಪಕ್ಷಿಗಳಲ್ಲಿ ಅದೇ ಮೊದಲು. ಮೂವತ್ತೊಂಬತ್ತು ಜೋಡಿ ವರ್ಣತಂತುಗಳಲ್ಲಿ ಹರಡಿದ ಸುಮಾರು ನೂರು ಕೋಟಿ ಅಕ್ಷರಗಳು. ಆ ವರ್ಣತಂತುಗಳಲ್ಲಿ ಹಲವು ಎಷ್ಟು ಪುಟ್ಟವೆಂದರೆ ಸೂಕ್ಷ್ಮದರ್ಶಕದಡಿ ಬರೀ ಚುಕ್ಕೆಗಳಂತೆ ಕಾಣುತ್ತವೆ, ಜೀನ್‌ಗಳು ಮಾತ್ರ ಅವುಗಳಲ್ಲಿ ಒತ್ತೊತ್ತಾಗಿ ತುಂಬಿರುತ್ತವೆ.

ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಲೀಫ್ ಆಂಡರ್ಸನ್, ಓರ್ಯಾನ್ ಕಾರ್ಲ್‌ಬೋರಿ ಮತ್ತು ಗೆಳೆಯರು ಸೀಗಲ್ ಜತೆ ಕೈಜೋಡಿಸಿದರು. ನಲವತ್ತು ತಲೆಮಾರು ದೂರವಾಗಿದ್ದ ಎರಡು ವಂಶಗಳಿಗೆ ಮತ್ತೆ ಸಂಬಂಧ ಬೆಳೆಸಿದರು: ದೈತ್ಯ ಹುಂಜಕ್ಕೆ ಕುಬ್ಜ ಹೇಂಟೆ, ಕುಬ್ಜ ಹುಂಜಕ್ಕೆ ದೈತ್ಯ ಹೇಂಟೆ. ಮೊಮ್ಮಕ್ಕಳ ತಲೆಮಾರಿನಲ್ಲಿ ಜೀನ್‌ಗಳೆಲ್ಲ ಕಲಸಿಹೋಗುತ್ತವೆ. ಯಾವ ತುಂಡು ಯಾರಿಗೆ ಹೋಯಿತು, ಅವರ ತೂಕ ಎಷ್ಟು ಎಂದು ಹೊಂದಿಸಿ ನೋಡಿದರೆ ಬೆಳವಣಿಗೆಯ ಜೀನ್ ಎಲ್ಲಿದೆ ಎಂದು ಪತ್ತೆಯಾಗುತ್ತದೆ. ಸುಮಾರು 800 ಮೊಮ್ಮಕ್ಕಳನ್ನು ಹೀಗೆ ಪರೀಕ್ಷಿಸಿದರು. ಎಂಟು ಪಟ್ಟಿನ ವ್ಯತ್ಯಾಸ ಅಂದ ಮೇಲೆ ಒಂದೆರಡಾದರೂ ದೊಡ್ಡ ಜೀನ್ ಸಿಗಲೇಬೇಕಲ್ಲ?

ಸಿಗಲಿಲ್ಲ! 2005ರಲ್ಲಿ ಅವರು ಪ್ರಕಟಿಸಿದ ನಕ್ಷೆಯಲ್ಲಿ ಹದಿಮೂರು ಜಾಗಗಳಿದ್ದವು. ಒಂದೊಂದರ ಪ್ರಭಾವವೂ ಸಣ್ಣದು, ಕೂಡಿಸಿದರೂ ಲೆಕ್ಕಕ್ಕೆ ಸಾಲದು. ಅಷ್ಟು ದೊಡ್ಡ ವ್ಯತ್ಯಾಸ ಕಣ್ಣೆದುರಿಗಿದೆ, ಅದನ್ನು ಮಾಡಿದವರು ಯಾರೂ ಕಾಣುತ್ತಿಲ್ಲ.

ಮರುವರ್ಷ ಕಾರ್ಲ್‌ಬೋರಿ ಅದೇ ಮಾಹಿತಿಯನ್ನು ಬೇರೆ ಬಗೆಯಲ್ಲಿ ಕೇಳಿದರು. ಒಂದೊಂದು ಜಾಗವನ್ನೂ ಒಂಟಿಯಾಗಿ ನೋಡುವ ಬದಲು, ಒಂದರ ಪ್ರಭಾವ ಇನ್ನೊಂದು ಯಾವ ರೂಪದಲ್ಲಿದೆ ಎಂಬುದರ ಮೇಲೆ ನಿಂತಿದೆಯೇ ಎಂದು ಜೋಡಿ ಜೋಡಿಯಾಗಿ ನೋಡಿದರು. ಆಗ ಎದ್ದು ಬಂತು ನಾಲ್ಕು ಜಾಗಗಳ ಒಂದು ಜಾಲ. ನಡುವೆ ಏಳನೇ ವರ್ಣತಂತುವಿನ 'ಗ್ರೋತ್ 9', ಸುತ್ತ ಇನ್ನು ಮೂರು. ಗ್ರೋತ್ 9 ಹಗುರ ವಂಶದ ರೂಪದಲ್ಲಿರುವಾಗ ಆ ಮೂರು ಜಾಗಗಳಲ್ಲಿ ಯಾವ ರೂಪವಿದ್ದರೂ ಕೋಳಿಯ ತೂಕ ಹೆಚ್ಚು ಅಲುಗುವುದಿಲ್ಲ. ಗ್ರೋತ್ 9 ಭಾರದ ವಂಶದ ರೂಪಕ್ಕೆ ಬಂದೊಡನೆ ಆ ಮೂರೂ ಎಚ್ಚೆತ್ತು ತೂಕವನ್ನು ಏರಿಸುತ್ತವೆ. ಪಾತ್ರೆ ತುಂಬ ಹಾಲಿದ್ದರೂ ಹೆಪ್ಪು ಬೀಳದೆ ಮೊಸರಾಗುವುದಿಲ್ಲವಲ್ಲ, ಹಾಗೆ. ಎರಡು ವಂಶಗಳ ನಡುವಿನ ತೂಕದ ಅಂತರದಲ್ಲಿ ಅರ್ಧದಷ್ಟನ್ನು ಈ ನಾಲ್ಕರ ಕೂಟವೇ ವಿವರಿಸಿಬಿಟ್ಟಿತು.

ಇದರ ಅರ್ಥವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. 1957ರ ಆ ಮೊದಲ ಹಿಂಡಿನಲ್ಲಿ ದೈತ್ಯನನ್ನು ಮಾಡುವ ಸಾಮಗ್ರಿ ಬಹುಪಾಲು ಆಗಲೇ ಇತ್ತು. ಆದರೆ ಅದು ತೂಕದಲ್ಲಿ ಕಾಣುತ್ತಿರಲಿಲ್ಲ, ಯಾಕೆಂದರೆ ಅದನ್ನು ಎಬ್ಬಿಸುವ ಜತೆಗಾರ ಹಿಂಡಿನಲ್ಲಿ ಇನ್ನೂ ಹೆಚ್ಚಿರಲಿಲ್ಲ. ವರ್ಷ ವರ್ಷವೂ ಭಾರದ ಕೋಳಿಗಳನ್ನೇ ಆರಿಸುತ್ತಾ ಹೋದಂತೆ ಆ ಜತೆಗಾರ ಹೆಚ್ಚಾದ; ಹೆಚ್ಚಾದಂತೆಲ್ಲ ಅದುವರೆಗೆ ಸುಮ್ಮನಿದ್ದ ಜೀನ್‌ಗಳು ತಕ್ಕಡಿಗೆ ಕಾಣತೊಡಗಿದವು; ಕಂಡೊಡನೆ ಅವೂ ಆಯ್ಕೆಯಾದವು. ಬಂಡವಾಳ ಮುಗಿಯಬೇಕಾದ ಹೊತ್ತಿಗೆ ಹೊಸ ಬಂಡವಾಳ ಒಳಗಿನಿಂದಲೇ ಹೊರಬರುತ್ತಿತ್ತು! ಪುಸ್ತಕದ ಲೆಕ್ಕ ತಪ್ಪಿದ್ದು ಇಲ್ಲೇ.

ಆಮೇಲೆ 2010ರಲ್ಲಿ ಅದೇ ಉಪ್ಸಾಲ ತಂಡ ಹಲವು ತಳಿಗಳ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿತು. ಭಾರದ ವಂಶದ ಕೋಳಿಗಳಲ್ಲಿ ಒಂದು ಕಡೆ ಸುಮಾರು 19 ಸಾವಿರ ಅಕ್ಷರಗಳು ನಾಪತ್ತೆ. ಎಸ್‌ಎಚ್3ಆರ್‌ಎಫ್2 ಎಂಬ ಜೀನ್‌ನ ಹೆಚ್ಚಿನ ಭಾಗವೇ ಇಲ್ಲ. ಹಗುರ ವಂಶದಲ್ಲಿ ಆ ಜೀನ್ ಕೆಲಸ ಮಾಡುವ ಜಾಗಗಳಲ್ಲೊಂದು ಯಾವುದು ಗೊತ್ತೇ? ಹೈಪೊಥಲಾಮಸ್, ಹಸಿವಿನ ಮನೆ! ಅಲ್ಲಿ ಒಂದು ಜೀನ್ ಇಲ್ಲವಾದದ್ದು ಬೆಳವಣಿಗೆಗೆ ಜತೆಯಾಯಿತು.

ಹಾಗೆಂದು ಎಲ್ಲವೂ ಇಷ್ಟು ಗೋಜಲಲ್ಲ. ಒಂದೇ ಒಂದು ಜೀನ್ ಮೈಯಳತೆಯನ್ನು ತಿರುಗಿಸಿಬಿಡುವ ಉದಾಹರಣೆಯೂ ಕೋಳಿಯಲ್ಲೇ ಇದೆ, ಅದರ ಚಮತ್ಕಾರ ನನಗೆ ಬಲು ಇಷ್ಟ. ಕಾರ್ನೆಲ್ ವಿಶ್ವವಿದ್ಯಾಲಯದ ಎಫ್.ಬಿ. ಹಟ್ 1959ರಲ್ಲಿ ಒಂದು ಕುಳ್ಳತನದ ಜೀನನ್ನು ವಿವರಿಸಿದರು. ಅದಿರುವ ಹೇಂಟೆ ಮಾಮೂಲಿಗಿಂತ ಮೂರನೇ ಒಂದು ಭಾಗದಷ್ಟು ಚಿಕ್ಕದು. ಅದರ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನ್‌ಗೆ ಕೊರತೆಯಿಲ್ಲ. ಆ ಹಾರ್ಮೋನನ್ನು ಬರಮಾಡಿಕೊಳ್ಳುವ ಗ್ರಾಹಕ ಕೆಟ್ಟಿರುತ್ತದೆ, ಹಾಗಾಗಿ ಬೆಳೆ ಎಂಬ ಆಜ್ಞೆ ಜೀವಕೋಶಕ್ಕೆ ಮುಟ್ಟುವುದೇ ಇಲ್ಲ. ಈ ಜೀನ್ ಇರುವುದು ಜೆಡ್ ವರ್ಣತಂತುವಿನಲ್ಲಿ. ಕೋಳಿಗಳಲ್ಲಿ ಹುಂಜಕ್ಕೆ ಎರಡು ಜೆಡ್, ಹೇಂಟೆಗೆ ಒಂದೇ ಜೆಡ್, ಅದೂ ತಂದೆಯಿಂದ ಬಂದದ್ದು. ಈಗ ಕುಳ್ಳ ಹೇಂಟೆಯನ್ನು ಮಾಮೂಲಿ ದೊಡ್ಡ ಹುಂಜದ ಜತೆ ಬಿಡಿ. ಹೆಣ್ಣು ಮರಿಗೆ ತಂದೆಯ ಒಳ್ಳೆಯ ಜೆಡ್ ಮಾತ್ರ ಸಿಗುತ್ತದೆ. ಗಂಡು ಮರಿಗೆ ತಾಯಿಯ ಕೆಟ್ಟ ಜೆಡ್ ಬಂದರೂ ತಂದೆಯದು ಅದನ್ನು ಮುಚ್ಚಿಹಾಕುತ್ತದೆ. ಕುಳ್ಳಿಯ ಹೊಟ್ಟೆಯಲ್ಲಿ ಹುಟ್ಟಿದ ಅಷ್ಟೂ ಮರಿಗಳು ದೊಡ್ಡವಾಗಿ ಬೆಳೆಯುತ್ತವೆ! ತಾಯಿ ಕಡಿಮೆ ತಿನ್ನುತ್ತಾಳೆ, ಕಡಿಮೆ ಜಾಗ ಸಾಕು, ಮಕ್ಕಳು ಮಾತ್ರ ಪೂರ್ತಿ ತೂಕದವು. ಫ್ರಾನ್ಸಿನ ಸಂಶೋಧಕರು ಇದೇ ಲೆಕ್ಕದ ಮೇಲೆ ಕುಳ್ಳ ತಾಯಿಕೋಳಿಗಳನ್ನೇ ಬೆಳೆಸಿದರು.

ಇನ್ನು ಆ ಹಳದಿ ಕಾಲು. ಇಲ್ಲಿ ನಮ್ಮ ಕಾಡಿಗೇ ಬರಬೇಕು. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ ಒಂದೇ ಎಂದು ಡಾರ್ವಿನ್ ನಂಬಿದ್ದರು. 2008ರಲ್ಲಿ ಆಂಡರ್ಸನ್ ಅವರ ತಂಡ ಹಳದಿ ಚರ್ಮದ ಜೀನನ್ನು ಹಿಂಬಾಲಿಸಿ ಹೋದಾಗ ಅದು ಕೆಂಪು ಕಾಡುಕೋಳಿಯ ಡಿಎನ್‌ಎಗೆ ಹೊಂದಲೇ ಇಲ್ಲ. ಹೊಂದಿದ್ದು ಬೂದು ಕಾಡುಕೋಳಿಗೆ. ಪಶ್ಚಿಮ ಘಟ್ಟದಲ್ಲಿ ಓಡಾಡಿದವರು ಇದನ್ನು ನೋಡದೆ ಇರಲಾರರು. ನಸುಕಿನಲ್ಲಿ ಬಿದಿರ ಮೆಳೆಯೊಳಗಿಂದ ಕೂಗುತ್ತದೆ, ಕಾಡುದಾರಿಯ ಅಂಚಿನಲ್ಲಿ ಒಂದು ಗಳಿಗೆ ಕಂಡು ಸರಕ್ಕನೆ ಪೊದೆಗೆ ನುಗ್ಗುತ್ತದೆ. ಹುಂಜದ ಕೊರಳ ಗರಿಗಳ ಮೇಲೆ ಹೊಳೆಯುವ ಹಳದಿ ಚುಕ್ಕೆಗಳು. ಭಾರತದ ಪರ್ಯಾಯ ದ್ವೀಪದ ಕಾಡು ಬಿಟ್ಟು ಇದು ಬೇರೆಲ್ಲೂ ಇಲ್ಲ. ಯಾವುದೋ ಕಾಲದಲ್ಲಿ, ನಮ್ಮ ಈ ನೆಲದ ಯಾವುದೋ ಕಾಡಂಚಿನ ಹಟ್ಟಿಯಲ್ಲಿ ಊರ ಕೋಳಿಯೂ ಈ ಕಾಡುಕೋಳಿಯೂ ಕೂಡಿರಬೇಕು. ಅಲ್ಲಿಂದ ಬಂದ ಬಿಸಿಒ2 ಎಂಬ ಜೀನ್‌ನ ರೂಪ ಚರ್ಮದಲ್ಲಿ ಮಾತ್ರ ಮಂಕಾಗಿ ಕೆಲಸ ಮಾಡುತ್ತದೆ. ಮುಸುಕಿನ ಜೋಳದಂಥ ಆಹಾರದಿಂದ ಬಂದ ಹಳದಿ ಬಣ್ಣ ಒಡೆಯದೆ ಚರ್ಮದಲ್ಲೇ ನಿಲ್ಲುತ್ತದೆ. ಚಿಕನ್ ಅಂಗಡಿಯ ಪಂಜರದಲ್ಲಿ ಕಾಣುವ ಹಳದಿ ಕಾಲೂ, ಬ್ಲ್ಯಾಕ್ಸ್‌ಬರ್ಗಿನ ದೈತ್ಯ ಕುಬ್ಜರ ಹಳದಿ ಕಾಲೂ ನಮ್ಮ ಕಾಡುಕೋಳಿ ಕೊಟ್ಟದ್ದು!

ಇಷ್ಟೆಲ್ಲ ಹೇಳಿ ಒಂದನ್ನು ಹೇಳದೆ ಬಿಡಲಾರೆ. ಭಾರದ ವಂಶದ ಕೋಳಿಗೆ ಎಂಟು ವಾರದ ನಂತರ ಬೇಕಾದಷ್ಟು ತಿನ್ನಲು ಬಿಟ್ಟರೆ ಕೊಬ್ಬು ತುಂಬಿ ಬೇಗ ಸಾಯುತ್ತದೆ, ಆದ್ದರಿಂದ ಅಳೆದು ಹಾಕಬೇಕು. ಜಗತ್ತಿನಾದ್ಯಂತ ಬ್ರಾಯ್ಲರ್ ಮರಿಗಳ ತಂದೆತಾಯಿಗಳ ಗತಿಯೂ ಇದೇ: ತೀರದ ಹಸಿವು, ಅಳತೆಯ ಊಟ. ಬೇಗ ಬೆಳೆದ ಎದೆಯ ಭಾರವನ್ನು ಕಾಲಿನ ಎಲುಬು ತಾಳದು, ಹೃದಯ ತಾಳದು. ಹಗುರ ವಂಶದ ಕೋಳಿಗಳ ರಕ್ತ ಹೊರಗಿನ ವಸ್ತುವಿಗೆ ಎದುರಾಗಿ ಹೆಚ್ಚು ಪ್ರತಿಕಾಯಗಳನ್ನು ಮಾಡುತ್ತದೆ, ಭಾರದವುಗಳದ್ದು ಕಡಿಮೆ. ಒಂದೇ ಗುಣವನ್ನು ಎಳೆದಾಗ ಅದರ ಬೆನ್ನಿಗೆ ಎಷ್ಟು ಬಂದವು ಎಂಬುದನ್ನು ಈ ಎರಡು ವಂಶಗಳು ಎದುರಿಗೆ ತಂದಿಟ್ಟಿವೆ. ತಳಿಗಾರರು ಈಗ ಕಾಲಿನ ಗಟ್ಟಿತನವನ್ನೂ ಹೃದಯದ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಮಾಧಾನದ ಮಾತು, ಆದರೂ ಹಸಿದ ತಾಯಿಕೋಳಿಯ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ನಮ್ಮಲ್ಲೂ ಬೇರೆ ದಾರಿ ಹುಡುಕಿದವರಿದ್ದಾರೆ. 1980ರ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಆವರಣದಲ್ಲಿ ಗಿರಿರಾಜ ಹುಟ್ಟಿತು. ಹಿತ್ತಲಲ್ಲಿ ಕೆದಕಿ ತಿಂದು ಬದುಕಬಲ್ಲ, ನಾಟಿ ಕೋಳಿಗಿಂತ ಬೇಗ ತೂಕಕ್ಕೆ ಬರುವ ಬಣ್ಣದ ಕೋಳಿ. ಅದು ಕಾವಿಗೆ ಕೂರುವುದಿಲ್ಲ. ಹಾಗಾಗಿ ಗಿರಿರಾಜನ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸುತ್ತಾರೆ. ಒಂದರಲ್ಲಿ ಕಳೆದುಹೋದ ಗುಣವನ್ನು ಇನ್ನೊಂದರಿಂದ ಎರವಲು ಪಡೆಯುವ ಏರ್ಪಾಡು ಹೀಗೆ ಬುಟ್ಟಿಯೊಳಗೇ ನಡೆಯುತ್ತದೆ.

ಉಪ್ಸಾಲ ಮತ್ತು ಬ್ಲ್ಯಾಕ್ಸ್‌ಬರ್ಗಿನವರು ಮೊಮ್ಮಕ್ಕಳಿಗೇ ನಿಲ್ಲಲಿಲ್ಲ. ದೈತ್ಯ ಕುಬ್ಜರ ಬೆರಕೆ ಸಂತಾನವನ್ನು ಮತ್ತೆ ಮತ್ತೆ ತಮ್ಮತಮ್ಮೊಳಗೆ ಕೂಡಿಸುತ್ತಾ ಹೋದರು. ಪ್ರತಿ ತಲೆಮಾರಿನಲ್ಲೂ ವರ್ಣತಂತುಗಳು ತುಂಡಾಗಿ ಮತ್ತೆ ಜೋಡಿಯಾಗುತ್ತವೆ, ಪೂರ್ವಜರಿಂದ ಬಂದ ತುಂಡುಗಳು ಇನ್ನಷ್ಟು ಸಣ್ಣದಾಗುತ್ತವೆ, ನಕ್ಷೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲು ಒಂದೇ ಎಂದುಕೊಂಡಿದ್ದ ಜಾಗಗಳಲ್ಲಿ ಕೆಲವು ಹತ್ತಿರದಿಂದ ನೋಡಿದಾಗ ಅಕ್ಕಪಕ್ಕದ ಹಲವು ಜಾಗಗಳಾಗಿ ಬಿಡಿಸಿಕೊಂಡವು. ಅವುಗಳಲ್ಲಿ ಯಾವುದು ಯಾವುದನ್ನು ಎಬ್ಬಿಸುತ್ತದೆ ಎಂಬ ಹುಡುಕಾಟ ಮುಂದುವರಿದಿದೆ.